ಏಳನೇ ಮನೆಯ ಕಾಯಿ

ದೊಡ್ಡ ಪಾತ್ರೆಯಲ್ಲಿ ಅನ್ನ ಉಕ್ಕುವ ಹೊತ್ತಿಗೇ ಶಾಲೆಯಲ್ಲಿ ಏನಾದರೊಂದು ನಡೆಯುತ್ತದೆ. ನೋಡಲು ಓಡಿದರೆ ಅನ್ನ ತಳ ಹಿಡಿಯುತ್ತದೆ, ಓಡದಿದ್ದರೆ ಜೀವ ತಡೆಯುವುದಿಲ್ಲ. ಸಿದ್ದಾಪುರ ಕಡೆಯ ಆ ಶಾಲೆಯ ಮೆಟ್ಟಿಲನ್ನು ನಾನು ಹತ್ತಿದ್ದೇ ಬಿಸಿಯೂಟ ಶುರುವಾದ ಮೇಲೆ, ಸೌಟು ಹಿಡಿದುಕೊಂಡು. ಅಕ್ಷರ ಕಲಿಯದ ನಾನು ಅಲ್ಲಿ ಕಂಡದ್ದನ್ನು ನೆನೆಸಿದರೆ ಇವತ್ತಿಗೂ ಬೆರಗು.

ಹುಣಸೆ ಬೀಜ

ಯಲ್ಲಾಪುರದ ಕಡೆಯಿಂದ ಹೊಸ ಟೀಚರು ಬಂದರು. ನಮ್ಮ ಬಾಯಲ್ಲಿ ಅಕ್ಕೋರು. ಶಿರಸಿಯಲ್ಲಿ ಎಂತದೋ ತರಬೇತಿ ಮುಗಿಸಿ ಬಂದವರೇ ಏಳನೇ ಈಯತ್ತೆಯ ಮಕ್ಕಳಿಗೆ ಹೇಳಿದರು, “ಊರಿನ ಒಂದೊಂದು ತೊಂದರೆ ಹಿಡಿದು ಒಂದೊಂದು ಆಟ ಮಾಡಿ. ಆಡಿದವರಿಗೆ ಆ ತೊಂದರೆ ಮೈಗೆ ತಾಗಬೇಕು.”

ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಆಟ ಆಡಿದ್ದಕ್ಕೆ ಬೆನ್ನಿಗೆ ಪೆಟ್ಟು ಬೀಳುತ್ತಿದ್ದ ಕಾಲ ಹೋಗಿ, ಆಡದಿದ್ದರೆ ಬೀಳುವ ಕಾಲ ಬಂತಲ್ಲಪ್ಪ ಅಂದುಕೊಂಡೆ.

ಒಬ್ಬ ಗುಟಕಾ ಅಂದ. ಇನ್ನೊಬ್ಬ ಬಾವಿಯ ನೀರು ಅಂದ. ಕೊನೆಯ ಸಾಲಿನ ಒಂದು ಕೂಸು, ನಮ್ಮಲ್ಲಿ ಹುಡುಗಿಗೆ ಹಾಗೇ ಅನ್ನುವುದು, ಎದ್ದು, “ನನ್ನ ಹೈಸ್ಕೂಲು” ಅಂದಿತು. ಏಳನೇ ಈಯತ್ತೆ ಮುಗಿದರೆ ಸಾಕು, ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋಗುವುದು ಬೇಡ ಎಂದು ಅವಳ ಅಪ್ಪ ಆಗಲೇ ತೀರ್ಮಾನ ಮಾಡಿಯಾಗಿತ್ತು.

“ಅದು ಊರಿನ ತೊಂದರೆಯಾ?” ಎಂದು ಪಕ್ಕದವನು ನಕ್ಕ.

“ನಾನು ಊರಲ್ಲಿಲ್ವಾ?” ಅಂದಳು. ಅಕ್ಕೋರು ಅದನ್ನೂ ಪಟ್ಟಿಗೆ ಸೇರಿಸಿದರು.

ಆಟ ಅಂದಮೇಲೆ ದಾಳ ಬೇಕು. ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದರೆ ದಾಳ. ಆಟಕ್ಕೆ ನಾಲ್ಕು ಬೀಜ, ಉಜ್ಜುವಾಗ ಒಡೆದದ್ದು ಬೇರೆ. “ಅಜ್ಜೀ, ಇವತ್ತು ಸ್ವಲ್ಪ ಜಾಸ್ತಿ ಹುಣಸೆಹಣ್ಣು ಕಿವುಚು” ಎಂದು ದಿನಾ ಬಂದರು. ಮಕ್ಕಳ ಓದಿನ ವಿಷಯ, ಇಲ್ಲ ಅನ್ನುವುದು ಹೇಗೆ? ಒಂದು ವಾರ ಕಿವುಚಿದೆ. ಶನಿವಾರ ಹೆಡ್‌ಮಾಸ್ತರು ಸಾಂಬಾರು ಬಾಯಿಗಿಟ್ಟು ಒಂದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಬಿಟ್ಟು ಇನ್ನೊಂದನ್ನು ಮುಚ್ಚಿದರು.

“ಅಕ್ಕೋರೇ, ಊರಿನ ತೊಂದರೆಯ ಪಟ್ಟಿಯಲ್ಲಿ ಇದು ಸೇರಿದ್ದೋ ಇಲ್ಲವೋ?”

ಬಾಯಿ ಮೇಲೆ ಕೈ

ಅಕ್ಕೋರದ್ದು ಒಂದು ಕಾನೂನು. ಬೇರೆಯವರು ಆಡುವಾಗ ಆಟ ಮಾಡಿದವರು ಬಾಯಿ ಮೇಲೆ ಕೈ ಇಟ್ಟುಕೊಂಡು ನಿಲ್ಲಬೇಕು. ವಿವರಿಸಿ ಹೇಳುವ ಹಾಗಿಲ್ಲ. ಆಡುವವರಿಗೆ ತಿಳಿಯದಿದ್ದರೆ ಆಟವನ್ನೇ ತಿದ್ದಬೇಕು. ಮೊದಲು ಆಡಲು ನನ್ನನ್ನೇ ಕರೆದರು. “ಅಜ್ಜಿಗೆ ತಿಳಿದರೆ ಯಾರಿಗೂ ತಿಳೀತದೆ” ಅಂದರು. ಖುಷಿಯಿಂದ ಕೂತೆ. ಕೂತ ಮೇಲೆ, ಇದು ಖುಷಿಪಡುವ ಮಾತೋ ಅಲ್ಲವೋ ಎಂದು ಯೋಚನೆ ಹತ್ತಿತು.

ಅದು ಬಾವಿಯ ಆಟ, ಹಾವು-ಏಣಿಯ ಹಾಗೆ. ಓದಲು ಬಾರದವರಿಗೂ ಆಗಲಿ ಎಂದು ಎಲ್ಲ ರಟ್ಟಿನ ಮೇಲೆ ಚಿತ್ರದಲ್ಲೇ ಬರೆದಿದ್ದರು. ನನ್ನ ಕಾಯಿ ಸೀದಾ ಹಾವಿನ ಬಾಯಿಗೆ ಬಿತ್ತು. ಅಲ್ಲಿ ಬಾವಿಕಟ್ಟೆಯ ಮೇಲೆ ಎಂಜಲು ಪಾತ್ರೆ ತಿಕ್ಕುವ ಒಬ್ಬ ಹೆಂಗಸು.

“ನಾನು ಇಳಿಸೂದಿಲ್ಲೆ! ನಾನು ಯಾವಾಗ ಬಾವಿಕಟ್ಟೆ ಮೇಲೆ ತಿಕ್ಕಿದ್ದು?”

ಎಲ್ಲರ ಕೈಯೂ ಬಾಯಿ ಮೇಲೆ. ಅಷ್ಟೂ ಕಣ್ಣು ಮಾತ್ರ ಮೆಲ್ಲಗೆ ಕಿಟಕಿಯ ಕಡೆ ತಿರುಗಿತು. ನಾನೂ ತಿರುಗಿದೆ. ಬಾವಿಕಟ್ಟೆಯ ಮೇಲೆ ನನ್ನ ಅನ್ನದ ಪಾತ್ರೆ, ಪಕ್ಕದಲ್ಲಿ ತೆಂಗಿನ ನಾರು, ಬೂದಿ.

ಕಾಯಿ ಇಳಿಸಿದೆ. ಹೋಗಿ ಪಾತ್ರೆಯನ್ನೂ ಇಳಿಸಿದೆ.

ಏಳನೇ ಮನೆ

ವರ್ಷದ ಕೊನೆಗೆ ತಂದೆತಾಯಿಯರನ್ನು ಕರೆದು ಆಡಿಸಿದರು. ಹೈಸ್ಕೂಲು ಅಂದಿದ್ದ ಕೂಸಿನ ಅಪ್ಪನೂ ಬಂದ. ಆಟದಲ್ಲಿ ಅವನಷ್ಟು ನಿಯತ್ತಿನವನು ಊರಲ್ಲಿಲ್ಲ. ಮದುವೆಮನೆಯಲ್ಲಿ ಎಲೆ ಹಾಕಿ ಕರೆದರೂ ಕೈಯಲ್ಲಿರುವ ಇಸ್ಪೀಟಾಟ ಮುಗಿಸದೆ ಏಳುವವನಲ್ಲ, ಒಂದು ಎಲೆಯೂ ಮೋಸ ಮಾಡುವವನಲ್ಲ. ಮಗಳು ಮಾಡಿದ ಆಟದ ಮುಂದೆ ಅವನನ್ನು ಕೂರಿಸಿದರು. ಎದುರಿಗೆ ಅವನ ಹೆಂಡತಿಯ ಅಣ್ಣ. ಮಗಳು ಬಾಯಿ ಮೇಲೆ ಕೈ ಇಟ್ಟು ಪಕ್ಕದಲ್ಲಿ ನಿಂತಳು.

ಏಳನೇ ಮನೆಯಲ್ಲಿ ಮುಚ್ಚಿದ ಬಾಗಿಲು. ಆಡುವವನೇ ಕಾಯಿಯ ಅಪ್ಪ, ಅವನು ಎದ್ದು ನಿಂತು ಮೂರು ಸಲ ‘ಹೋಗಿ ಬಾ’ ಅಂದರೆ ಮಾತ್ರ ಕಾಯಿ ಮುಂದೆ, ಎಂದು ಬರೆದಿತ್ತಂತೆ. ಭಾವನ ಕಾಯಿ ಅಲ್ಲಿಗೆ ಬಂದಾಗ ಅವನು ಎದ್ದು, ಒಂದೇ ಉಸಿರಲ್ಲಿ ಮೂರು ‘ಹೋಗಿ ಬಾ’ ಹೇಳಿ ದಾಟಿ ಹೋದ.

ಇವನ ಕಾಯಿಯೂ ಬಂತು. ಬರೆದದ್ದನ್ನು ಓದಿದ. ಓದದವನ ಹಾಗೆ ಬೀಜ ಬೀಸಿದ. ನಾಲ್ಕು ಬಿತ್ತು, ಕಾಯಿ ಅಲ್ಲೇ. ನಾಲ್ಕೂ ಬೀಜ ಕಪ್ಪಗೆ ಮಗುಚಿ ಎಂಟು ಬಿತ್ತು, ಕಾಯಿ ಅಲ್ಲೇ. ಮತ್ತೆ ಎಂಟು. ಭಾವ ಮೀಸೆಯಲ್ಲಿ ನಗುತ್ತ ಕೊನೆಯ ಮನೆ ಹತ್ತಿರ ಹೋಗಿದ್ದ.

ಇವನಿಗೆ ತಡೆಯಲಿಲ್ಲ. “ಎಂತ ಕಾನೂನು ಇದು! ಇಷ್ಟು ಚಂದ ಮುಂದೆ ಬಂದ ಕಾಯಿ, ಎಂಟೆಂಟು ಬೀಳ್ತಾ ಇದ್ದು, ಸುಮ್ಮನೆ ಒಂದು ಮನೆಯಲ್ಲಿ ಕೂರಿಸಿ ಹಾಳು ಮಾಡೂದಾ?”

ಆಡಿದ ಮಾತು ಅವನ ಕಿವಿಗೇ ತಿರುಗಿ ಬಂದಿರಬೇಕು. ಮಗಳ ಕಡೆ ನೋಡಿದ. ಅವಳು ಕೈ ತೆಗೆಯಲಿಲ್ಲ. ನನ್ನ ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ಸೀಯಲಿ ಅಂತ ಬಿಟ್ಟೆ.

ಅವನು ಎದ್ದು ನಿಂತ. “ಹೋಗಿ ಬಾ” ಅಂದ, ಗಟ್ಟಿಯಾಗಿ. “ಹೋಗಿ ಬಾ.” ಮೂರನೆಯದು ಮೆಲ್ಲಗೆ ಬಂತು.

ಕೂಸು ಕೈ ತೆಗೆಯಿತು. “ಎಲ್ಲಿಗೆ, ಅಪ್ಪಯ್ಯ?”

“ಹೈಸ್ಕೂಲಿಗೆ. ಮತ್ತೆಲ್ಲಿಗೆ?”

ಭಾವ ಬಿಡಬೇಕಲ್ಲ. “ಇದು ಆಟದ ಮಾತೋ, ನಿಜದ್ದೋ?”

“ಆನು ಆಟದಲ್ಲಿ ಯಾವತ್ತಾದ್ರೂ ಸುಳ್ಳು ಹೇಳಿದ್ನಾ, ಭಾವ?”

ಆಟ ಅವನು ಸೋತ. ಎಷ್ಟೋ ಮಂದಿ ಬುದ್ಧಿ ಹೇಳಿ ಸೋತಿದ್ದ ಜಾಗದಲ್ಲಿ ಒಂದು ರಟ್ಟು, ನಾಲ್ಕು ಹುಣಸೆ ಬೀಜ ಗೆದ್ದವಲ್ಲ! ನನ್ನ ಸಾಂಬಾರಿಂದ ತೆಗೆದ ಬೀಜ ಎಂದು ನಾನು ಈಗಲೂ ಎಲ್ಲರಿಗೂ ಹೇಳುತ್ತೇನೆ.

ಜೂನ್ ತಿಂಗಳು. ಸಿದ್ದಾಪುರದ ಬಸ್ಸು ಬಂತು, ಕೂಸು ಹತ್ತಿತು. ಅಪ್ಪ ಬಸ್ಸಿನ ಮುಂದೆಯೇ ಕೊಡೆ ಹಿಡಿದು ನೆಟ್ಟಗೆ ನಿಂತು, “ಹೋಗಿ ಬಾ” ಅಂದ. ಕಂಡಕ್ಟರ್ ಸೀಟಿ ಊದಿದ. “ಹೋಗಿ ಬಾ” ಅಂದ. ಡ್ರೈವರ್ ಹಾರ್ನ್ ಹೊಡೆದ. ಇವನು ಕದಲಲಿಲ್ಲ.

“ಒಂದ್ಸಲ ಹೇಳಿದ್ರೆ ಸಾಕು ಮಾರಾಯ್ರೆ, ಬದಿಗೆ ಬನ್ನಿ!” ಎಂದು ಕಂಡಕ್ಟರ್ ಕೂಗಿದ.

“ನಿಮಗೆ ಗೊತ್ತಿಲ್ಲೆ, ತಡೀರಿ” ಅಂದ ಇವನು. “ಮೂರು ಸಲ ಆಗದೆ ಕಾಯಿ ಮುಂದೆ ಹೋಗೂದಿಲ್ಲೆ.”