ಕಡಲೆಬೇಳೆಯಷ್ಟು ಪೇಸ್ಟು

ಬಸವೇಶ್ವರನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಯಾರಾದರೂ ಒಬ್ಬರು ಬಂದು ನನ್ನ ತಲೆ ಕೆಡಿಸದೆ ಹೋದ ವಾರವೇ ಇಲ್ಲ. ಅದರಲ್ಲಿ ಮುಕ್ಕಾಲು ಪಾಲು ಜಗಳ ಒಂದೇ ಒಂದು ಪೇಸ್ಟಿನ ಸುತ್ತ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಒಳಗೆ ಪ್ರೊಸೆಸರ್ ಅಂತ ಒಂದು ಚಿಪ್ ಇರುತ್ತದೆ. ಲೆಕ್ಕವೆಲ್ಲ ಮಾಡುವುದು ಅದೇ, ಕಾದು ಬಿಸಿಯಾಗುವುದೂ ಅದೇ. ಅದರ ಮೇಲೆ ಶಾಖ ಎಳೆದುಕೊಳ್ಳಲು ಒಂದು ಲೋಹದ ಗಟ್ಟಿ ಕೂತಿರುತ್ತದೆ, ಅದಕ್ಕೊಂದು ಫ್ಯಾನ್. ಚಿಪ್ಪಿಗೂ ಗಟ್ಟಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಂದು. ಆ ಸಂದು ಮುಚ್ಚಿ ಶಾಖ ದಾಟಿಸುವುದು ಥರ್ಮಲ್ ಪೇಸ್ಟು. ಬೇಕಾಗುವುದು ಒಂದು ಕಡಲೆಬೇಳೆಯಷ್ಟು. ಅದು ಒಣಗಿದರೆ ಯಂತ್ರ ಕುದಿಯುತ್ತದೆ. ಇಷ್ಟು ಸಣ್ಣ ವಿಷಯವನ್ನು ನಂಬಿಸಲು ನನ್ನ ಅರ್ಧ ಆಯಸ್ಸು ಹೋಯಿತು.

ಕಳೆದ ವರ್ಷ ಈ ಸಿಟ್ಟು ಜಾಸ್ತಿಯಾಗಲು ಕಾರಣವಿತ್ತು. ಸುಂಕದಕಟ್ಟೆಯಲ್ಲಿ ನಾನು ಓದಿದ ಶಾಲೆಯವರು ಲ್ಯಾಬಿನ ಕಂಪ್ಯೂಟರುಗಳನ್ನು ವರ್ಷವಿಡೀ ನೋಡಿಕೊಳ್ಳುವವರನ್ನು ಹುಡುಕುತ್ತಿದ್ದರು. ಆ ಕೆಲಸ ನನಗೇ ಸಿಗಬೇಕು ಅಂತ ಆಸೆಪಟ್ಟಿದ್ದೆ. ಇನ್ನೊಂದು ಅಂಗಡಿಯವನು ಹೋಗಿ, ಪೇಸ್ಟು ಗೀಸ್ಟು ಎಲ್ಲ ಸುಮ್ಮನೆ, ಧೂಳು ಊದಿದರೆ ಸಾಕು ಅಂದಿದ್ದನಂತೆ. ಪೇಸ್ಟು ಬಿಟ್ಟು ಕೆಲಸ ಮಾಡುವುದು ನನ್ನಿಂದಾಗದು. ಆ ಶಾಲೆಯವರು ಏನು ತೀರ್ಮಾನಿಸುತ್ತಾರೋ ಅಂತ ಕಾಯುತ್ತಿದ್ದ ತಿಂಗಳಲ್ಲಿ ನಡೆದವು ಇವು.

೧. ಪಾರ್ಸಲ್

ಲಗ್ಗೆರೆಯಿಂದ ಒಬ್ಬ ಕಾಲೇಜು ಹುಡುಗ ಬಂದ. ಗೇಮ್ ಆಡುವ ದೊಡ್ಡ ಕಂಪ್ಯೂಟರನ್ನು ಸ್ಕೂಟರಿನ ಮುಂದೆ ಕಾಲ ಸಂದಿಯಲ್ಲಿ ಇಟ್ಟುಕೊಂಡು ತಂದಿದ್ದ. ಪೇಸ್ಟು ತಾನೇ ಹಾಕಿದ್ದಾನಂತೆ, ಆದರೂ ಬಿಸಿ ಇಳಿಯುತ್ತಿಲ್ಲವಂತೆ.

ಬಿಚ್ಚಿ ನೋಡಿದೆ. ಮಸಾಲೆ ದೋಸೆಗೆ ಕೆಂಪು ಚಟ್ನಿ ಸವರಿದ ಹಾಗೆ ಸವರಿದ್ದ. ಪ್ರೊಸೆಸರ್ ಎಲ್ಲಿದೆ ಅಂತ ಹುಡುಕಬೇಕಾಯಿತು. ಪಕ್ಕದ ಸಂದುಗೊಂದಿಗೆಲ್ಲ ಇಳಿದು ಕೂತಿತ್ತು. ಎಷ್ಟು ಹಾಕಿದೆಯಪ್ಪಾ ಅಂತ ಕೇಳಿದರೆ, ಮೂರು ಕಂಪನಿಯದನ್ನು ಹೋಲಿಸಿ ನೋಡಿದೆ, ಯಾವುದು ಒಳ್ಳೆಯದು ಅಂತ ಗೊತ್ತಾಗಲಿಲ್ಲ, ಅದಕ್ಕೇ ಮೂರನ್ನೂ ಕಲಸಿ ಹಾಕಿದೆ ಅಂದ.

ಮುಕ್ಕಾಲು ಗಂಟೆ ಹತ್ತಿಯಲ್ಲಿ ಒರೆಸಿದೆ. ಒರೆಸುತ್ತಾ ಬೈದೆ. ಪೂರ್ತಿ ಬೈಸಿಕೊಂಡು, ತುಂಬಾ ವಿನಯದಿಂದ ಹೇಳಿದ: “ಆಂಟಿ, ಒರೆಸಿ ತೆಗ್ದಿದ್ದೀರಲ್ಲ, ಅದನ್ನ ಒಂದು ಕವರ್‌ಗೆ ಹಾಕ್ಕೊಡಿ. ತಂಗಿ ಲ್ಯಾಪ್‌ಟಾಪ್‌ಗೆ ಆಗುತ್ತೆ.”

೨. ಹುಣಸೆಹಣ್ಣಿನ ಹೊಳಪು

ಆಯುಧಪೂಜೆ ಕಳೆದ ಮೂರನೇ ದಿನ ಮಹಾಲಕ್ಷ್ಮಿ ಲೇಔಟಿನಿಂದ ಮದುವೆ ಕಾರ್ಡ್ ಡಿಸೈನ್ ಮಾಡುವ ಯಜಮಾನರು ಬಂದರು. ಕಂಪ್ಯೂಟರ್ ಆನ್ ಮಾಡಿದ ಐದು ನಿಮಿಷಕ್ಕೆ ಆಫ್ ಆಗುತ್ತಿದೆ, ಗಣೇಶನ ಚಿತ್ರ ತೆರೆಯುವಷ್ಟೂ ಹೊತ್ತು ನಿಲ್ಲುವುದಿಲ್ಲ ಅಂದರು. ಎರಡು ತಿಂಗಳ ಹಿಂದೆಯಷ್ಟೇ ನಾನು ಕೈಯಾರೆ ಪೇಸ್ಟು ಹಾಕಿ ಕೊಟ್ಟ ಕಂಪ್ಯೂಟರ್ ಅದು. ನನಗೆ ಅಲ್ಲೇ ಅವಮಾನವಾಯಿತು.

ಮುಚ್ಚಳ ತೆಗೆದರೆ ಒಳಗಿನ ತಾಮ್ರದ ಗಟ್ಟಿ ಥಳಥಳ ಹೊಳೆಯುತ್ತಿದೆ. ಹಬ್ಬಕ್ಕೆ ಮನೆಯ ಪಾತ್ರೆಗಳ ಜೊತೆ ಅದನ್ನೂ ಬಿಚ್ಚಿ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಕೆಳಗೆ ಪ್ರೊಸೆಸರಿನ ಮೇಲೆ ಪೇಸ್ಟಿನ ಗುರುತೂ ಇಲ್ಲ. ಅದರ ಜಾಗದಲ್ಲಿ ಮೂರು ಎಳೆ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಪೇಸ್ಟು ಏನಾಯಿತು ಸಾರ್ ಅಂದೆ. ಅವರು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಬೂದು ಬಣ್ಣದ ಗಲೀಜು ಅಷ್ಟು ಮೆತ್ತಿಕೊಂಡಿತ್ತು, ಹೋದ ಸಲ ನೀವು ಒರೆಸಿಯೇ ಇರಲಿಲ್ಲ, ನಮ್ಮ ಮನೆಯವರು ಕ್ಲೀನ್ ಮಾಡಿದರು ಅಂದರು.

ವಿಭೂತಿ ಒರೆಸಲು ಅವರು ಒಪ್ಪಲಿಲ್ಲ. ಹಬ್ಬದ್ದು, ಒರೆಸಬಾರದು ಅಂತ ಹಟ. ಕೊನೆಗೆ ಅದೇ ವಿಭೂತಿ ಕುಂಕುಮವನ್ನು ಹೊರಗಿನ ಡಬ್ಬಿಗೆ ಹಚ್ಚಿ, ಒಳಗೆ ಹೊಸ ಪೇಸ್ಟು ಹಾಕಿದೆ. ಕಂಪ್ಯೂಟರ್ ಮುಕ್ಕಾಲು ಗಂಟೆ ಸತತವಾಗಿ ಓಡಿತು. ಯಜಮಾನರು ಸಮಾಧಾನದಿಂದ ತಲೆ ಆಡಿಸಿ ಹೇಳಿದರು: “ನೋಡಿದ್ರಾ ಮೇಡಂ, ಬೊಟ್ಟು ಇಡೋ ಜಾಗ ಸರಿಯಿಲ್ಲ ಅಂತ ನನಗೂ ಅನುಮಾನ ಇತ್ತು.”

೩. ಸಾರ್ ಬರಲಿ

ಇದು ಚಿಕ್ಕದು, ಆದರೆ ಹೊಟ್ಟೆ ಉರಿಸಿದ್ದು ಇದೇ ಹೆಚ್ಚು.

ವಿಜಯನಗರದಿಂದ ಬಂದ ಒಬ್ಬರಿಗೆ ಲ್ಯಾಪ್‌ಟಾಪಿನ ಪೇಸ್ಟು ಒಣಗಿದೆ, ಬದಲಾಯಿಸಬೇಕು ಅಂದೆ. ಪುಡಿಯಾಗಿ ಉದುರುತ್ತಿದ್ದ ಹಳೆಯ ಪೇಸ್ಟನ್ನು ಬೆರಳಲ್ಲಿ ತೆಗೆದು ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ. ಸಾರ್ ಬರಲಿ, ಸಾರನ್ನೇ ಕೇಳುತ್ತೇನೆ ಅಂತ ಕುರ್ಚಿ ಎಳೆದುಕೊಂಡು ಕೂತರು. ಅಂಗಡಿಯಲ್ಲಿ ಸಾರ್ ಅಂತ ಯಾರೂ ಇಲ್ಲ, ಇರುವುದು ನಾನೇ ಅಂದರೂ ನಕ್ಕರು.

ಅಷ್ಟರಲ್ಲಿ ನನ್ನ ಗಂಡ ಬಂದರು. ಅವರಿಗೆ ಬ್ಯಾಂಕಿನಲ್ಲಿ ಕೆಲಸ, ನನ್ನ ಊಟದ ಡಬ್ಬಿ ಕೊಟ್ಟು ಹೋಗಲು ಬಂದಿದ್ದು. ಗಿರಾಕಿ ಎದ್ದು ನಿಂತು, ಸಾರ್, ಇದಕ್ಕೆ ಏನು ಮಾಡಬೇಕು ಅಂತ ಕೇಳಿದರು. ನನ್ನ ಗಂಡ ನನ್ನ ಮುಖ ನೋಡಿದರು. ಪೇಸ್ಟು ಬದಲಾಯಿಸಬೇಕು ಅನ್ನಿ ಅಂದೆ, ಜೋರಾಗಿಯೇ, ಆ ಮನುಷ್ಯನ ಎದುರಿಗೇ. ಪೇಸ್ಟು ಬದಲಾಯಿಸಬೇಕು ಅಂದರು. ಗಿರಾಕಿಯ ಮುಖ ಅರಳಿತು. ಕೆಲಸವೆಲ್ಲ ನಾನೇ ಮಾಡಿದೆ, ಗಿರಾಕಿ ಅಲ್ಲೇ ಕೂತು ನೋಡಿದರು. ಹೋಗುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಸಾರ್ ಜೊತೇಲೇ ಇದ್ದು ಕಲ್ತ್ಕೊಳ್ಳಿ ಮೇಡಂ. ಇಷ್ಟು ತಿಳ್ಕೊಂಡಿರೋರು ಸಿಗಲ್ಲ.”

ಆ ಸಂಜೆಯಿಂದ ನನ್ನ ಗಂಡ ನೆಂಟರಿಗೆಲ್ಲ ಪೇಸ್ಟಿನ ಬಗ್ಗೆ ಸಲಹೆ ಕೊಡಲು ಶುರು ಮಾಡಿದ್ದಾರೆ.

೪. ಪರೀಕ್ಷೆ

ಕೊನೆಗೂ ಶಾಲೆಯಿಂದ ಕರೆ ಬಂತು. ಈಗಿನ ಹೆಡ್‌ಮಾಸ್ಟರು ಒಂದು ಕಾಲದಲ್ಲಿ ನನಗೆ ಗಣಿತ ಕಲಿಸಿದವರು. ನಲವತ್ತೆರಡು ವರ್ಷದ ಹೆಂಗಸು ನಾನು, ಅವರ ಕೋಣೆಯಲ್ಲಿ ಕೈಕಟ್ಟಿ ನಿಂತೆ. ಪೇಸ್ಟಿನಿಂದ ಲಾಭ ಇದೆ ಅಂತ ನೀನು, ಇಲ್ಲ ಅಂತ ಆ ಇನ್ನೊಂದು ಅಂಗಡಿಯವನು, ಪರೀಕ್ಷೆ ಮಾಡಿಯೇ ನೋಡೋಣ, ಫಲಿತಾಂಶ ಆಡಳಿತ ಮಂಡಳಿಯ ಮುಂದೆ ಇಡುತ್ತೇನೆ ಅಂದರು. ನನಗೆ ಬೇಕಾಗಿದ್ದೂ ಅದೇ.

ಲ್ಯಾಬಿನಲ್ಲಿ ಒಂದೇ ಥರದ ಮೂರು ಕಂಪ್ಯೂಟರ್ ಆರಿಸಿದೆವು. ಮೊದಲನೆಯದರಲ್ಲಿ ಒಣಗಿದ ಹಳೆಯ ಪೇಸ್ಟನ್ನು ಹಾಗೇ ಬಿಟ್ಟು, ಆ ಅಂಗಡಿಯವನ ಹಾಗೆ ಧೂಳು ಮಾತ್ರ ಊದಿದೆವು. ಎರಡನೆಯದಕ್ಕೆ ಎಲ್ಲ ಕಡೆ ಸಿಗುವ ಅಗ್ಗದ ಬಿಳಿ ಪೇಸ್ಟು. ಮೂರನೆಯದಕ್ಕೆ ನಾನು ಬಳಸುವ ಬೂದು ಪೇಸ್ಟು. ಮೂರಕ್ಕೂ ಒಂದೇ ಭಾರದ ಕೆಲಸ ಕೊಟ್ಟು ಅರ್ಧ ಗಂಟೆ ಓಡಿಸಿದೆ. ಪರದೆಯ ಮೇಲೆ ಬಂದ ಶಾಖವನ್ನು ಹೆಡ್‌ಮಾಸ್ಟರು ತಾವೇ ಓದಿ ಹಾಳೆಯಲ್ಲಿ ಬರೆದುಕೊಂಡರು. ಹಳೆಯದು ತೊಂಬತ್ತನಾಲ್ಕು ಡಿಗ್ರಿ. ಬಿಳಿಯದು ಎಂಬತ್ತಮೂರು. ನನ್ನದು ಅರವತ್ತೊಂದು. ನೂರು ಮುಟ್ಟಿದರೆ ಆ ಕಂಪ್ಯೂಟರ್ ತಾನೇ ಆಫ್ ಆಗಿಬಿಡುತ್ತದೆ, ಅದನ್ನೂ ಹೇಳಿದೆ. ಹದಿನಾರು ವರ್ಷದಲ್ಲಿ ನನ್ನ ಮಾತು ಇಷ್ಟು ಸ್ಪಷ್ಟವಾಗಿ ಗೆದ್ದದ್ದು ಅದೇ ಮೊದಲು. ಕಣ್ಣಲ್ಲಿ ನೀರೇ ಬಂತು.

ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ರ‍್ಯಾಂಕ್ ಹಾಕಿದರು. ತೊಂಬತ್ತನಾಲ್ಕಕ್ಕೆ ಪ್ರಥಮ, ಎಂಬತ್ತಮೂರಕ್ಕೆ ದ್ವಿತೀಯ. ಆಮೇಲೆ ನನ್ನ ಕಡೆ ನೋಡಿ ಬೇಜಾರಿನಿಂದ ಹೇಳಿದರು: “ಅರವತ್ತೊಂದು. ಪಾಸೇನೋ ಆಗಿದೆಯಮ್ಮ.”

ನನಗೆ ಮೈಯೆಲ್ಲ ಉರಿಯಿತು. ಸಾರ್, ಇದು ಜ್ವರದ ಲೆಕ್ಕ, ಕಮ್ಮಿ ಬಂದಷ್ಟೂ ಒಳ್ಳೆಯದು, ನೂರನಾಲ್ಕು ಜ್ವರ ಬಂದವನಿಗೆ ಬಹುಮಾನ ಕೊಡುತ್ತೀರಾ ಅಂತ ಕೇಳಿಯೇಬಿಟ್ಟೆ. ಗಣಿತದ ಮೇಷ್ಟ್ರಲ್ಲವೇ, ಅವರಿಗೆ ಥಟ್ಟನೆ ಅರ್ಥವಾಯಿತು. ತಪ್ಪಾಯಿತು ಅಂತಲೂ ಅಂದರು. ಕೆಲಸ ನಿನಗೇ ಕೊಡಬೇಕು, ಅದರಲ್ಲಿ ಸಂಶಯವಿಲ್ಲ, ಆದರೆ ಮಂಡಳಿಯವರು ಅಂಕಿ ಬಿಟ್ಟು ಬೇರೆ ಏನನ್ನೂ ಓದುವುದಿಲ್ಲ, ತೊಂಬತ್ತನಾಲ್ಕನ್ನು ಬಿಟ್ಟು ಅರವತ್ತೊಂದಕ್ಕೆ ಯಾಕೆ ಕೊಟ್ಟಿರಿ ಅಂದರೆ ಆ ಐದು ಜನಕ್ಕೆ ನಾನು ಜ್ವರದ ಲೆಕ್ಕ ಹೇಳುತ್ತಾ ಕೂರಲೇ ಅಂತ ಕೇಳಿದರು. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಯೋಚಿಸಿದರು. ಆಮೇಲೆ ಅರವತ್ತೊಂದರ ಪಕ್ಕದಲ್ಲಿ ‘ಗ್ರೇಸ್ ಮಾರ್ಕ್ಸ್ ಮೂವತ್ತೈದು’ ಅಂತ ಬರೆದು ಕೂಡಿಸಿದರು. ತೊಂಬತ್ತಾರು. ಕೆಳಗೆ ಸಹಿ ಹಾಕು ಅಂದರು.

ಹಾಕುವುದಿಲ್ಲ ಅಂದೆ. ನನ್ನ ಪೇಸ್ಟು ಹಾಕಿದರೆ ಕಂಪ್ಯೂಟರ್ ತೊಂಬತ್ತಾರು ಡಿಗ್ರಿ ಕಾಯುತ್ತದೆ ಅಂತ ನಾನೇ ಬರೆದುಕೊಟ್ಟ ಹಾಗಾಗುತ್ತದೆ, ನಾಳೆ ಯಾರಾದರೂ ಓದಿದರೆ ನನ್ನ ಅಂಗಡಿಯ ಮಾನ ಏನಾಗಬೇಕು ಅಂತ ವಾದ ಮಾಡಿದೆ. ಅವರು ತಾಳ್ಮೆಯಿಂದ ಕೇಳಿದರು. ಸಹಿ ಹಾಕದಿದ್ದರೆ ಲ್ಯಾಬಿನ ಎಲ್ಲ ಕಂಪ್ಯೂಟರೂ ಧೂಳು ಊದುವವನ ಪಾಲಾಗುತ್ತವೆ, ನೋಡು ಅಂದರು. ಬುಸುಗುಡುತ್ತಾ ಸಹಿ ಹಾಕಿದೆ.

ಮಂಡಳಿ ಒಮ್ಮತದಿಂದ ಒಪ್ಪಿತು. ಅಧ್ಯಕ್ಷರು ನನ್ನನ್ನು ಕರೆಸಿ, ಇಷ್ಟು ಹೆಚ್ಚು ತೆಗೆದವರು ಈ ಭಾಗದಲ್ಲೇ ಇಲ್ಲ, ನಮ್ಮ ಶಾಲೆಯ ಹಳೇ ವಿದ್ಯಾರ್ಥಿನಿ ಅನ್ನುವುದೇ ಹೆಮ್ಮೆ ಅಂತ ಹೊಗಳಿ ಶಾಲು ಹೊದಿಸಿದರು. ಹಲ್ಲು ಕಚ್ಚಿಕೊಂಡು ಕೈಮುಗಿದೆ. ಅವರು ಹಾಳೆಯನ್ನು ಇನ್ನೊಮ್ಮೆ ಕಣ್ಣ ಹತ್ತಿರ ಹಿಡಿದು ನೋಡಿದರು. ಹುಬ್ಬು ಗಂಟಿಕ್ಕಿತು.

“ಎಲ್ಲಾ ಸರಿಯಮ್ಮ, ಆ ನಾಲ್ಕು ಎಲ್ಲಿ ಹೋಯ್ತು? ಮುಂದಿನ ವರ್ಷ ನೂರಕ್ಕೆ ನೂರು ತರಬೇಕು.”