ಬಲಗಂಬಕ್ಕೊಬ್ಬ ಬೇಕು

ರಾಷ್ಟ್ರೀಯ ರಗ್ಬಿ ತಂಡದ ಅತ್ಯಂತ ಬಲಶಾಲಿ ಆಟಗಾರನನ್ನು ಗುರುವಾರ ಬೆಳಗ್ಗೆ ಅವನ ಅತ್ತೆಮನೆಯ ಬೀರು ಸೋಲಿಸಿತು. ಈ ಗೋಡೆಯಿಂದ ಆ ಗೋಡೆಗೆ ಸ್ವಲ್ಪ ಸರಿಸಿಕೊಡಪ್ಪ ಎಂದಿದ್ದರಂತೆ ಅತ್ತೆ. ನಾಲ್ಕು ಜನ ನೋಡುತ್ತಿದ್ದರು, ಅಳಿಯ ಬೇರೆ. ಒಬ್ಬನೇ ತಬ್ಬಿ ಎತ್ತಿದ. ಬೀರು ನಿಂತಲ್ಲೇ ನಿಂತಿತು. ಸರಿದದ್ದು ಅವನ ಸೊಂಟ.

ಆರೂವರೆಗೆ ಈ ಸುದ್ದಿ ಫೋನಿನಲ್ಲಿ ಬಂದಾಗ ಮಾಸ್ತರು ಹಲ್ಲುಜ್ಜುತ್ತಿದ್ದರು. ಮಾಸ್ತರು ಎಂದರೆ ಶಾಲೆಯ ಮಾಸ್ತರಲ್ಲ, ರಾಷ್ಟ್ರೀಯ ತಂಡದ ಫಾರ್ವರ್ಡ್ಸ್ ಕೋಚ್. ಒಂದು ಕಾಲದಲ್ಲಿ ತಾವೂ ಆಡಿದವರು. ಹತ್ತಾರು ವರ್ಷ ಬೇರೆಯವರ ತಲೆಗಳ ನಡುವೆ ಉಜ್ಜಿ ಉಜ್ಜಿ ಅವರ ಎರಡೂ ಕಿವಿಗಳು ಹಿಂಡಿಟ್ಟು ಒಣಹಾಕಲು ಮರೆತ ಕರವಸ್ತ್ರದ ಹಾಗೆ ಮುರುಟಿಹೋಗಿದ್ದವು. ಆ ಮುರುಟು ಕಿವಿಗೆ ಅಳಿಯನ ನರಳಾಟ ಸರಿಯಾಗಿ ಕೇಳಿಸದೆ, ಎರಡು ಸಲ ಹೇಳಿಸಿಕೊಂಡು, ಬಾಯಿ ಮುಕ್ಕಳಿಸುವುದನ್ನೂ ಮರೆತು ಕುರ್ಚಿಯ ಮೇಲೆ ಕೂತರು. ಭಾನುವಾರ ಪಂದ್ಯ. ಆಡುವವರ ಪಟ್ಟಿಯನ್ನು ರಗ್ಬಿ ಸಂಘದ ಅಧ್ಯಕ್ಷರ ಕೈಗೆ ಕೊಡಬೇಕಾದದ್ದು ಈ ಗುರುವಾರವೇ, ಸಂಜೆ ಐದಕ್ಕೆ.

ರಗ್ಬಿ ತಂಡದ ಹದಿನೈದು ಜನರಲ್ಲಿ ಎಂಟು ಮಂದಿ ಫಾರ್ವರ್ಡ್‌ಗಳು. ಉಳಿದ ಏಳು ಮಂದಿ ಓಡಿ ಹೆಸರು ಮಾಡುತ್ತಾರೆ. ಈ ಎಂಟು ಮಂದಿ ತಳ್ಳಿ ಬೆನ್ನು ನೋಯಿಸಿಕೊಳ್ಳುತ್ತಾರೆ. ಸ್ಕ್ರಮ್ ಎಂದರೆ ಇತ್ತ ಎಂಟು, ಅತ್ತ ಎಂಟು ಜನ ಒಬ್ಬರನ್ನೊಬ್ಬರು ತಬ್ಬಿ, ತಲೆ ತಗ್ಗಿಸಿ, ಎರಡು ಎಮ್ಮೆಗಳ ಹಾಗೆ ಎದುರುಬದುರಾಗಿ ನೂಕುವುದು. ಮುಂದಿನ ಸಾಲಿನ ಎರಡು ತುದಿಗಳಲ್ಲಿ ಎರಡು ಕಂಬ. ಎಡಗಂಬದವನಿಗೆ ಒಂದು ಭುಜವಾದರೂ ಖಾಲಿ ಇರುತ್ತದೆ. ಬಲಗಂಬದವನ ತಲೆ ಮಾತ್ರ ಎದುರಾಳಿಗಳಿಬ್ಬರ ತಲೆಗಳ ನಡುವೆ, ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿಬಿದ್ದವನ ತಲೆಯ ಹಾಗೆ. ಎರಡೂ ಕಡೆಯ ಭಾರ ಅವನ ಮೇಲೇ. ಅವನು ನಿಂತರೆ ತಂಡ ನಿಂತಿತು. ಈಗ ಬೀರಿಗೆ ಬಲಿಯಾದವನು ಆ ಬಲಗಂಬ.

ಅವನ ಜಾಗಕ್ಕೆ ಇದ್ದವರು ಇಬ್ಬರು. ಒಬ್ಬ ಲಾರಿ: ಇಪ್ಪತ್ತೆರಡು ವರ್ಷ, ನೂರಿಪ್ಪತ್ತಾರು ಕಿಲೋ, ಮಾತು ಕಡಿಮೆ, ರಾಷ್ಟ್ರೀಯ ತಂಡಕ್ಕೆ ಒಂದೂ ಪಂದ್ಯ ಆಡಿಲ್ಲ. ಇನ್ನೊಬ್ಬ ಬಂಡೆ: ಮೂವತ್ತೇಳು ವರ್ಷ, ಹದಿನಾಲ್ಕು ವರ್ಷ ಅದೇ ಮೂಲೆಯಲ್ಲಿ ನಿಂತವನು. ಪಕ್ಕದ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಅವನನ್ನು ಅಂದು ಆಟಕ್ಕೆ ಕರೆತಂದವರೇ ಮಾಸ್ತರು. ಈವರೆಗೆ ಆಡಿದ್ದು ತೊಂಬತ್ತೊಂಬತ್ತು ಪಂದ್ಯ. ಭಾನುವಾರ ಆಡಿದರೆ ನೂರು.

ಅಲ್ಲೇ ಇತ್ತು ಕಷ್ಟ. ಬಂಡೆಯ ಮಂಡಿಗಳು ಈಗೀಗ ಮೆಟ್ಟಿಲಿಳಿಯುವಾಗ ಹಳೇ ಬಾಗಿಲಿನ ಹಾಗೆ ಸದ್ದು ಮಾಡುತ್ತಿದ್ದವು. ಅವನನ್ನು ಹಾಕಿದರೆ ಬೆನ್ನಿಗೆ ಭಾರದವನೊಬ್ಬ ಬೇಕು. ಆ ಭಾರದವನನ್ನು ಎರಡನೇ ಸಾಲಿಗೆ ತಂದರೆ ಚೆಂಡು ಹಾರಿ ಹಿಡಿಯುವ ಉದ್ದನೆಯವನು ಹೊರಗೆ. ಅವನನ್ನು ಹಿಂದಿನ ಸಾಲಿಗೆ ತಳ್ಳಿದರೆ ಓಡುವವನು ಹೊರಗೆ. ಒಂದು ಕಾಲಿಗೆ ಒತ್ತು ಕೊಟ್ಟರೆ ಇನ್ನೊಂದು ಕಾಲು ಮೇಲೇಳುವ ಕುಂಟು ಮಂಚವಾಯಿತು ತಂಡ.

ಮಾಸ್ತರು ಅಡುಗೆಮನೆಯಿಂದ ಎಂಟು ತರಕಾರಿ ತಂದು ಊಟದ ಮೇಜಿನ ಮೇಲೆ ಜೋಡಿಸಿದರು. ಕಂಬಗಳಿಗೆ ಆಲೂಗಡ್ಡೆ, ಉದ್ದನೆಯವರಿಗೆ ಮೂಲಂಗಿ, ಓಡುವವರಿಗೆ ಈರುಳ್ಳಿ. ಬಂಡೆಗೆಂದು ಆರಿಸಿದ ಆಲೂಗಡ್ಡೆ ಸ್ವಲ್ಪ ಮೊಳಕೆ ಬಂದದ್ದು. ಅದನ್ನು ಬಲಕ್ಕಿಟ್ಟು ನೋಡಿದರು, ತೆಗೆದು ನೋಡಿದರು. ಒಂದು ಗಂಟೆ ಹೀಗೇ ಕಳೆಯಿತು. ಮುಖ ತೊಳೆದು ಬರುವಷ್ಟರಲ್ಲಿ ಹಿಂದಿನ ಸಾಲು ಪೂರ್ತಿ ಮಾಯವಾಗಿತ್ತು. ಒಗ್ಗರಣೆಯ ವಾಸನೆ ಮನೆಯನ್ನೆಲ್ಲ ತುಂಬಿತ್ತು.

"ನಿಮ್ಮ ಮೂಲಂಗಿ ಬಿಟ್ಟಿದ್ದೀನಿ, ಎರಡೂ ಬೆಂಡಾಗಿವೆ," ಎಂದಳು ಹೆಂಡತಿ ಒಳಗಿನಿಂದ. ಆಮೇಲೆ ಸೆರಗಿಗೆ ಕೈ ಒರೆಸುತ್ತ ಬಂದು ಮೊಳಕೆಯ ಆಲೂಗಡ್ಡೆಯನ್ನು ನೋಡಿ, ಇದ್ಯಾರು ಎಂದು ಕೇಳಿದಳು. ಮಾಸ್ತರು ಹೇಳಿದರು. ಅವಳು ಅದನ್ನು ಎತ್ತಿ ಬಲಗಂಬದ ಜಾಗದಲ್ಲಿ ಮೆಲ್ಲಗೆ ಇಟ್ಟಳು. ಹದಿನಾಲ್ಕು ವರ್ಷ ನಮ್ಮ ಮನೆ ಬಟ್ಟೆಗೆ ಇಸ್ತ್ರಿ ಹಾಕಿದ್ದಾನೆ, ಮಗ ಇದ್ದ ಹಾಗಿದ್ದಾನೆ, ಇನ್ನೊಂದೇ ಒಂದು ಪಂದ್ಯ ಆಡಿಸಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದಳು. ಮಾಸ್ತರ ಮನಸ್ಸೂ ಅದನ್ನೇ ಹೇಳುತ್ತಿತ್ತು, ಅದಕ್ಕೇ ದಣಿವು ಹೆಚ್ಚು.

ಮೆಟ್ಟಿಲಿಳಿಯುವಾಗ ಎರಡನೇ ಮಹಡಿಯ ಇನ್ಸ್‌ಪೆಕ್ಟರು ಹಿಡಿದುಕೊಂಡರು. ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದವರು ಅವರು. ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ಹಿಡಿದು ನೋಡಿದ ಕೈ, ಈಗ ಹಿಡಿಯಲು ಏನೂ ಇಲ್ಲದೆ ಮಾಸ್ತರ ತೋಳನ್ನೇ ಹಿಡಿಯುತ್ತಿತ್ತು. ಬೀರಿನ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಎಂಟೂ ಜನರ ತೂಕ ಬರೆದು, ಎಡ ಬಲ ಕೂಡಿ, ಕೆಳಗೆ ಎರಡು ಗೆರೆ ಎಳೆದಿದ್ದರು. ಬಂಡೆ ಆಡಿದರೆ ಬಲಭಾಗ ಹನ್ನೊಂದು ಕಿಲೋ ಕಡಿಮೆ, ಅಂಗಡಿಯವನಾಗಿದ್ದರೆ ಲೈಸೆನ್ಸ್ ಕಿತ್ತುಕೊಳ್ಳುತ್ತಿದ್ದೆ ಎಂದರು. ಮನುಷ್ಯರನ್ನು ಸಕ್ಕರೆಯ ಹಾಗೆ ತೂಗಲಾಗದು ಎಂದು ಮಾಸ್ತರು ಹೇಳಿ ನೋಡಿದರು. ಸಕ್ಕರೆಯವನೂ ಹಾಗೇ ಅಂದಿದ್ದ ಎಂದು ಇನ್ಸ್‌ಪೆಕ್ಟರು ಚಪ್ಪಲಿ ಮೆಟ್ಟಿಕೊಂಡು ಜೊತೆಗೇ ಹೊರಟರು.

ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟು ಹರಿಯುವ ಮೊದಲು ಬಂಡೆ ಆಡುತ್ತಾನಾ ಎಂದು ಕೇಳಿದ. ಮೈದಾನದ ಕಾವಲುಗಾರ ಗೇಟು ತೆಗೆಯುವ ಮೊದಲು ಅದನ್ನೇ ಕೇಳಿದ. ಸಂಘದ ಕಚೇರಿಯ ಹೊರಗೆ 'ನೂರರ ಬಂಡೆ' ಎಂದು ಆ ಬೆಳಗ್ಗೆಯೇ ಅವಸರದಲ್ಲಿ ಅಚ್ಚಾದ ಪೋಸ್ಟರಿನ ಸುರುಳಿಗಳು ರಾಶಿ ಬಿದ್ದಿದ್ದವು. ಇಡೀ ಊರು ಒಂದು ಕಡೆ ನೂಕುತ್ತಿತ್ತು; ಇನ್ನೊಂದು ಕಡೆ ಮಾಸ್ತರು, ಜೊತೆಗೆ ಕರೆಯದೆ ಬಂದ ಇನ್ಸ್‌ಪೆಕ್ಟರು.

ಮಧ್ಯಾಹ್ನ ಎರಡಕ್ಕೆ ಅಭ್ಯಾಸ. ಮೊದಲು ಬಂಡೆಯನ್ನೇ ಬಲಕ್ಕೆ ನಿಲ್ಲಿಸಿದರು. ಅವನು ಮಂಡಿಗೆ ಪಟ್ಟಿ ಸುತ್ತಿಕೊಂಡು ಬಂದು, ಎಂದಿನಂತೆ ಮಾಸ್ತರ ಕಡೆ ನೋಡಿ ತಲೆಯಾಡಿಸಿ, ಬಗ್ಗಿದ. ಮೊದಲ ತಳ್ಳಾಟದಲ್ಲಿ ಎದುರಿನವರು ಒಂದು ಹೆಜ್ಜೆ ಹಿಂದೆ ಹೋದರು. ಮಾಸ್ತರ ಎದೆ ಅಗಲವಾಯಿತು. ಎರಡನೆಯದರಲ್ಲಿ ಯಾರೂ ಅಲುಗಲಿಲ್ಲ. ಮೂರನೆಯದಕ್ಕೆ ಬಂಡೆಯ ಬೆನ್ನು ನಡುಗುವುದು ಮಾಸ್ತರ ಕಣ್ಣಿಗೆ ಬಿತ್ತು. ಮರುಕ್ಷಣ ಬಲಮೂಲೆ ಕುಸಿದು, ಇಡೀ ಸ್ಕ್ರಮ್ಮು ಕೀಲು ಕಳಚಿದ ಬಾಗಿಲಿನ ಹಾಗೆ ಗರ್ರನೆ ತಿರುಗಿತು. ಗೆರೆಯ ಪಕ್ಕದಲ್ಲಿ ಪುಸ್ತಕ ಹಿಡಿದು ಲೆಕ್ಕ ಸರಿನೋಡುತ್ತಿದ್ದ ಇನ್ಸ್‌ಪೆಕ್ಟರು ಇದ್ದಕ್ಕಿದ್ದಂತೆ ಕಾಣದಾದರು.

ಒಬ್ಬೊಬ್ಬರನ್ನೇ ಎಬ್ಬಿಸಬೇಕಾಯಿತು. ಹದಿನಾರೂ ಜನ ಎದ್ದಮೇಲೆ ಹದಿನೇಳನೆಯವರಾಗಿ ಇನ್ಸ್‌ಪೆಕ್ಟರು ಸಿಕ್ಕರು. ಕನ್ನಡಕ ಒಂದೇ ಕಿವಿಯಲ್ಲಿ ನೇತಾಡುತ್ತಿತ್ತು, ಬಾಯಲ್ಲಿ ಹುಲ್ಲಿತ್ತು. ಹುಲ್ಲು ಉಗಿದು ಅವರು ಆಡಿದ್ದು ಒಂದೇ ಮಾತು: "ಹನ್ನೊಂದು ಕಿಲೋ."

ಆಮೇಲೆ ಲಾರಿಯನ್ನು ನಿಲ್ಲಿಸಿದರು. ಅವನು ಬಗ್ಗಿದ, ನಿಂತ. ಐದು ಸಲ ತಳ್ಳಿಸಿದರೂ ಆ ಮೂಲೆ ಕದಲಲಿಲ್ಲ. ಬಲ ಗಟ್ಟಿಯಾದದ್ದೇ ತಡ, ಉದ್ದನೆಯವನು ಎರಡನೇ ಸಾಲಿನಲ್ಲೇ ಉಳಿದ, ಓಡುವವನಿಗೆ ಹಿಂದೆ ಜಾಗ ಸಿಕ್ಕಿತು. ಬೆಳಗಿನಿಂದ ಎಳೆದಾಡಿದ ಗಂಟು ತಾನಾಗಿ ಬಿಚ್ಚಿಕೊಂಡಿತು. ಬೆಂಚಿನಲ್ಲಿ ಎರಡೂ ಮೂಲೆಗೆ ನಿಲ್ಲಬಲ್ಲವನೊಬ್ಬ ಆಗಲೇ ಇದ್ದ. ಬಂಡೆಗೆ ಅಲ್ಲೂ ಜಾಗವಿರಲಿಲ್ಲ. ಮಾಸ್ತರು ತಿರುಗಿ ನೋಡಿದಾಗ ಅವನು ಮಂಡಿಯ ಪಟ್ಟಿ ಬಿಚ್ಚಿ ನೀಟಾಗಿ ಸುತ್ತಿಡುತ್ತಿದ್ದ. ಅಂಗಡಿ ತೆಗೆಯಬೇಕು ಎಂದು ಹೇಳಿ ಹೊರಟುಹೋದ.

ಐದಕ್ಕೆ ಹತ್ತು ನಿಮಿಷವಿರುವಾಗ ಮಾಸ್ತರು ಪಟ್ಟಿಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟರು. ಅಧ್ಯಕ್ಷರು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಬೈಗುಳ ಬರುತ್ತದೆಂದು ಮಾಸ್ತರು ಕುರ್ಚಿಯ ಕೈ ಬಿಗಿಹಿಡಿದಿದ್ದರು. ಅಧ್ಯಕ್ಷರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಇನ್ನೊಂದ್ಸಲ ಯೋಚ್ನೆ ಮಾಡಿ ಮಾಸ್ಟ್ರೇ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಇದು ಬೆದರಿಕೆ ಎಂದು ಮಾಸ್ತರಿಗೆ ಖಾತ್ರಿಯಾಯಿತು. ಬೆಳಗಿನಿಂದ ಬಾಗಿದ್ದ ಅವರ ಬೆನ್ನು ಮೊದಲ ಬಾರಿಗೆ ನೆಟ್ಟಗಾಯಿತು.

"ನನ್ನ ಒಳ್ಳೇದು ಹಾಗಿರಲಿ ಸಾರ್. ಬಲಗಂಬ ನಿಲ್ಲಬೇಕು."

ಅಧ್ಯಕ್ಷರು ಪಟ್ಟಿಗೆ ಸಹಿ ಹಾಕಿ, ಒಂದು ಪ್ರತಿಯನ್ನು ಕೈಗಿತ್ತರು. ಏಳು ಗಂಟೆಗೆ ಘೋಷಣೆ, ಅಷ್ಟರೊಳಗೆ ಬಂಡೆಗೆ ನೀವೇ ಹೇಳಿಬಿಡಿ ಎಂದರು. ತಾವು ಆಡಿದ ಆ ಮಾತಿನ ಖುಷಿ ಮಾಸ್ತರಿಗೆ ಮೆಟ್ಟಿಲು ಮುಗಿಯುವವರೆಗೆ ಇತ್ತು. ರಸ್ತೆಗಿಳಿದದ್ದೇ ಇಳಿದುಹೋಯಿತು.

ಇಸ್ತ್ರಿ ಅಂಗಡಿಯಲ್ಲಿ ಬಂಡೆ ಯಾರದೋ ಎರಡು ವರ್ಷದ ಮಗುವಿನ ಫ್ರಾಕಿಗೆ ಇಸ್ತ್ರಿ ಹಾಕುತ್ತಿದ್ದ. ಅವನ ಅಂಗೈ ಫ್ರಾಕಿಗಿಂತ ದೊಡ್ಡದು. ಬೆರಳ ತುದಿಯಲ್ಲಿ ಒಂದೊಂದೇ ನೆರಿಗೆ ಹಿಡಿದು, ಉಸಿರು ಬಿಗಿಹಿಡಿದು ಒತ್ತುತ್ತಿದ್ದ. ಮಾಸ್ತರನ್ನು ಕಂಡು ಸ್ಟೂಲು ಒರೆಸಿ ಮುಂದೆ ತಳ್ಳಿದ.

ಮಾಸ್ತರು ಕೂತು, ಈ ನೆರಿಗೆ ಬಹಳ ಕಷ್ಟವೇ ಎಂದು ಕೇಳಿದರು. ಕಷ್ಟವೇ ಎಂದ ಬಂಡೆ. ಹತ್ತಿ ಬಟ್ಟೆಗೆ ನೀರು ಜಾಸ್ತಿ ಬೇಕೇ ಎಂದು ಕೇಳಿದರು. ಬೇಕು ಎಂದ. ಹೀಗೆ ರೇಷ್ಮೆ, ಉಣ್ಣೆ, ಪರದೆ, ದಿಂಬಿನ ಚೀಲ ಎಲ್ಲ ಮುಗಿದು, ಇನ್ನು ಕೇಳಲು ಬಟ್ಟೆಯೇ ಉಳಿಯದಾದಾಗ ಮಾಸ್ತರು ಕಣ್ಣು ಮುಚ್ಚಿಕೊಂಡು, ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಎಂದುಬಿಟ್ಟರು.

ಬಂಡೆ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

"ಗೊತ್ತಾಯ್ತು ಮಾಸ್ಟ್ರೇ. ನೀವು ಮೆಟ್ಲು ಇಳಿಯೋ ಹೊತ್ಗೇ ಅಧ್ಯಕ್ಷರು ಫೋನ್ ಮಾಡಿದ್ರು."

"ಮತ್ತೆ ಪರದೆ, ದಿಂಬು ಅಂತ ಇಷ್ಟೊತ್ತು ಯಾಕೋ ಉತ್ತರ ಕೊಟ್ಟೆ?"

"ನೀವು ಕೇಳ್ತಿದ್ರಲ್ಲ." ಅವನು ಫ್ರಾಕನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಮಾಸ್ತರು ಸಮಾಧಾನ ಹೇಳಲೆಂದು ಎದ್ದು ಅವನ ಭುಜದ ಮೇಲೆ ಕೈಯಿಟ್ಟರು. ಆ ಭುಜ ಅಳುತ್ತಿರಲಿಲ್ಲ, ನಾಚಿಕೊಂಡಿತ್ತು. ತನಗೂ ಒಂದು ಮಾತು ಹೇಳುವುದಿದೆ, ತಿಂಗಳಿಂದ ಬಾಯಿ ಬರುತ್ತಿಲ್ಲ ಎಂದ ಬಂಡೆ.

ವಿಷಯ ಇಷ್ಟು. ಹೋದ ತಿಂಗಳು ಅಧ್ಯಕ್ಷರು ಅವನನ್ನು ಒಳಗೆ ಕರೆದು, ಮಾಸ್ತರಿಗೆ ವಯಸ್ಸಾಯಿತು, ಮುಂದಿನ ಫಾರ್ವರ್ಡ್ಸ್ ಕೋಚ್ ನೀನೇ ಎಂದಿದ್ದರು. ಆಡುವವನು ಕೋಚ್ ಆಗುವಂತಿಲ್ಲ, ಅದು ಸಂಘದ ನಿಯಮ. ಹಾಗಾಗಿ ಆಡುವಷ್ಟು ದಿನ ಆಡು, ತಂಡದಿಂದ ಹೊರಬಿದ್ದ ದಿನವೇ ಕುರ್ಚಿ ನಿನ್ನದು ಎಂದು ತೀರ್ಮಾನವಾಗಿತ್ತು. ಬೇಡವೆಂದರೆ ಹೊರಗಿನವರನ್ನು ತರುತ್ತಿದ್ದರಂತೆ.

"ನಾನು ಆಡೋವರ್ಗೂ ನಿಮ್ಮ ಕೆಲ್ಸ ಇರುತ್ತೆ ಅಂತ, ಮಂಡಿ ಕಟ್ಕೊಂಡು ಹೆಂಗೋ ಎಳೀತಿದ್ದೆ," ಎಂದ ಬಂಡೆ. "ಇನ್ನೊಂದ್ ವರ್ಷ ಎಳೀಬಹುದು ಅನ್ಕೊಂಡಿದ್ದೆ. ಇವತ್ತು ಮೂರ್ನೇ ಸಲಕ್ಕೆ ಕಾಲು ಕೇಳ್ಲಿಲ್ಲ."

ಮಾಸ್ತರು ಸ್ಟೂಲಿನ ಮೇಲೆ ಕೂತೆನೆಂದುಕೊಂಡು ಪಕ್ಕದ ಬಟ್ಟೆಯ ಗಂಟಿನ ಮೇಲೆ ಕೂತರು. ಅದು ಮೆತ್ತಗೆ ಕೆಳಗಿಳಿಯಿತು, ಜೊತೆಗೆ ಅವರೂ. ಏಳು ಗಂಟೆಗೆ ಎರಡೂ ಸುದ್ದಿ ಒಟ್ಟಿಗೇ ಹೇಳುತ್ತಾರಂತೆ ಎಂದು ಬಂಡೆ ಮೆಲ್ಲಗೆ ತಿಳಿಸಿದ. ಮಾಸ್ತರು ತಲೆಯಾಡಿಸಿದರು. ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿದರು. ಯೋಚಿಸುವ ಶಕ್ತಿಯೂ ಇರಲಿಲ್ಲ. ಕಡೆಗೆ ಜೇಬಿನಿಂದ ಪಟ್ಟಿ ತೆಗೆದು, ತಗೋಪ್ಪ, ಇನ್ನು ನಿನ್ನ ತಂಡ, ಸರಿಯಾಗಿದೆಯಾ ನೋಡು ಎಂದು ಕೊಟ್ಟರು.

ಹೊಸ ಕೋಚ್ ದೀಪದ ಕೆಳಗೆ ಪಟ್ಟಿಯನ್ನು ಹಿಡಿದು, ಒಂದೊಂದು ಹೆಸರಿಗೂ ಬೆರಳಿಟ್ಟು ನಿಧಾನವಾಗಿ ಓದಿದ. ಬಲಗಂಬದ ಹತ್ತಿರ ಬೆರಳು ಬಹಳ ಹೊತ್ತು ನಿಂತಿತು.

"ಬೇಜಾರ್ ಮಾಡ್ಕೋಬೇಡಿ ಮಾಸ್ಟ್ರೇ," ಎಂದ. "ನಾನಾಗಿದ್ರೆ ನನ್ನನ್ನ ತೆಗೀತಿರ್ಲಿಲ್ಲ."