ಬ್ರೇಕಿಗೆ ಎಣ್ಣೆಸ್ನಾನ

ಕಬ್ಬಿಣ ಕಂಡರೆ ಎಣ್ಣೆ ಸವರದೆ ಇರಲಾರದ ವಂಶ ನಮ್ಮದು. ಕುಡುಗೋಲು, ಈಳಿಗೆಮಣೆ, ಅಡಕತ್ತರಿ, ಎಲ್ಲಕ್ಕೂ ಹರಳೆಣ್ಣೆ. ನಮ್ಮಪ್ಪ ಎಣ್ಣೆ ಹಾಕಿದ ಬೀಗ ಕೀಲಿಯಿಲ್ಲದೆಯೂ ತೆರೆಯುತ್ತಿತ್ತು. ಈ ಸದ್ಗುಣವೇ ಹೊನ್ನಾಳಿಯಲ್ಲಿ ನನ್ನ ಮಾನ ಕಳೆಯುವುದರಲ್ಲಿತ್ತು.

ಯುದ್ಧದ ದಿನಗಳು. ಮಾವನವರು ಕೊಟ್ಟಿದ್ದ ಹಳೆಯ ಮೋಟಾರು ಪೆಟ್ರೋಲಿಲ್ಲದೆ ಮಳೆಗಾಲವಿಡೀ ಚಪ್ಪರದಡಿ ನಿಂತಿತ್ತು. ಸಂತೇಬೆನ್ನೂರಿನಿಂದ ಅವರ ಕಾಗದ ಬಂತು: 'ನಾಳಿದ್ದು ಬರುತ್ತೇನೆ. ಗಾಡಿ ನೆಟ್ಟಗಿದ್ದರೆ ನಿಮ್ಮದು. ಇಲ್ಲದಿದ್ದರೆ ಎತ್ತು ಕಟ್ಟಿ ಎಳೆಸಿಕೊಂಡು ಹೋಗುತ್ತೇನೆ.' ಊರೆಲ್ಲ ನೋಡುವಾಗ ನನ್ನ ಮೋಟಾರು ಎತ್ತಿನ ಹಿಂದೆ ಹೋಗುವುದನ್ನು ನೆನೆದು ನನಗೆ ಊಟ ಸೇರಲಿಲ್ಲ.

ಹೇಗೋ ಒಂದು ಡಬ್ಬಿ ಪೆಟ್ರೋಲು ಹೊಂದಿಸಿ ಹಾಕಿದೆ. ಪುಣ್ಯಕ್ಕೆ ಎಂಜಿನ್ನು ಓಡಿತು. ಹಿಂದಿನ ಎರಡೂ ಚಕ್ರ ಕಳಚಿದರೆ, ಪಟ್ಟಿ ಒತ್ತಿ ಹಿಡಿದು ಗಾಡಿ ನಿಲ್ಲಿಸುವ ಬ್ರೇಕಿನ ಡ್ರಮ್ಮುಗಳ ಒಳಮೈಯೆಲ್ಲ ಕೆಂಪು ತುಕ್ಕು. ಉಪ್ಪುಕಾಗದದಿಂದ ಉಜ್ಜಿದೆ. ಬೆರಳಿನ ಚರ್ಮ ಹೋಯಿತು, ತುಕ್ಕು ಹೋಗಲಿಲ್ಲ. ನೋಡಿ ನೋಡಿ ಬೇಸತ್ತ ನನ್ನ ಹೆಂಡತಿ ಗೌರಿ, "ಸರೀರಿ ಅತ್ಲಾಗೆ. ಕೊಡಪಾನ ತಿಕ್ಕಿದಂಗೆ ತಿಕ್ಕಿದ್ರಾತು," ಎಂದು ಹುಣಸೆಹಣ್ಣು, ಬೂದಿ, ತೆಂಗಿನ ನಾರು ತಂದು ಕೂತಳು. ಮಧ್ಯಾಹ್ನದ ಹೊತ್ತಿಗೆ ಡ್ರಮ್ಮಿನಲ್ಲಿ ನನ್ನ ಮೀಸೆ ಕಂಡಿತು. ಆ ಸಂಭ್ರಮದಲ್ಲಿ ವಂಶದ ಸದ್ಗುಣ ಮೇಲೆದ್ದಿತು. ಮತ್ತೆ ತುಕ್ಕು ಬಾರದಿರಲೆಂದು, ಅವಳು ಒಳಗೆ ಹೋದಾಗ ಎರಡಕ್ಕೂ ಧಾರಾಳವಾಗಿ ಹರಳೆಣ್ಣೆ ಸವರಿ ಚಕ್ರ ಜೋಡಿಸಿದೆ.

ಮರುದಿನ ಬೆಳಿಗ್ಗೆ, ಮಾವ ಬರುವ ಮೊದಲು ಪರೀಕ್ಷೆಗೆಂದು ಹೊರಟೆ. ಬ್ರೇಕು ಒತ್ತಿದೆ. ಗಾಡಿ ತನ್ನ ಪಾಡಿಗೆ ತಾನು ಹೋಗಿ ಪಕ್ಕದ ಕಣದ ಹುಲ್ಲಿನ ಬಣವೆಗೆ ನುಗ್ಗಿ ನಿಂತಿತು. ಗೌರಿಯೆದುರು ತಪ್ಪೊಪ್ಪಿಕೊಂಡೆ. ಅವಳು ನಗಲೂ ಇಲ್ಲ.

"ಎಣ್ಣೆ ಹಚ್ಚಿದ ತಲೆಗೆ ಏನು ಹಾಕ್ತಾರ್ರೀ?"

"ಸೀಗೆಪುಡಿ."

"ಮತ್ತೆ? ಬಿಚ್ಚಿರಿ ಚಕ್ರ."

ಹಂಡೆಯ ಬಿಸಿನೀರು, ಸೀಗೆಪುಡಿ ಹಾಕಿ ಡ್ರಮ್ಮಿಗೂ ಒಳಗಿನ ಪಟ್ಟಿಗೂ ಮೂರು ಸಲ ಸ್ನಾನ ಮಾಡಿಸಿ ಬಿಸಿಲಿಗೆ ಒಣಗಿಸಿದೆವು. ಮಾವ ಬಂದವರೇ ಹತ್ತಿ ಕೂತು, "ಹೊಳೆ ಇಳಿಜಾರಿನಾಗೆ ಬಿಡ್ರಿ, ನೋಡಾನ," ಎಂದರು. ಬಿಟ್ಟೆ. ಎದುರಿಗೆ ಎಮ್ಮೆ, ಅದರಾಚೆ ತುಂಬಿದ ತುಂಗಭದ್ರೆ. ಕಣ್ಣುಮುಚ್ಚಿ ಬ್ರೇಕು ತುಳಿದೆ. ಕಣ್ಣು ಬಿಟ್ಟರೆ ಗಾಡಿ ನಿಂತಿದೆ, ಎಮ್ಮೆ ಮೆಲುಕು ಹಾಕುತ್ತಿದೆ. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ನಾನು ಪಟ್ಟಿದ್ದಿಲ್ಲ.

"ಎಲ್ಲಾ ನಾನೇ ರಿಪೇರಿ ಮಾಡಿದ್ದು," ಎಂದೆ.

ಕಾದ ಚಕ್ರದಿಂದ ಘಮ್ಮೆಂದು ವಾಸನೆ ಬರುತ್ತಿತ್ತು. ಮಾವ ಮೂಗರಳಿಸಿದರು.

"ಸೀಗೆಕಾಯಿ ವಾಸನೆ ಐತಲ್ರೀ ಅಳಿಯಂದಿರೇ. ಇದು ನಮ್ಮ ಗೌರಿ ಕೆಲ್ಸ. ಗಾಡಿ ಇಲ್ಲೇ ಇರ್ಲಿ ಬಿಡ್ರಿ."

ಅಂದಿನಿಂದ ಗಾಡಿ ನನ್ನದು. ಹರಳೆಣ್ಣೆ ಇಟ್ಟ ಕಪಾಟಿನ ಕೀಲಿ ಮಾತ್ರ ಗೌರಿಯ ಸೊಂಟದಲ್ಲಿದೆ.